ಲಾಟರಿಯಲ್ಲಿ ಎರಡು ಸಲ ಮನೆ ಸಿಗಲಿಲ್ಲ, ಮೂರನೇ ಸಲ ಅರ್ಜಿ ಹಾಕಬೇಕಾ?

ಕಡಿಮೆ ಬೆಲೆಯ ಸರ್ಕಾರಿ ಫ್ಲಾಟಿಗೆ ಎರಡು ಸಲ ಅರ್ಜಿ ಹಾಕಿದ್ದೀರಿ, ಎರಡು ಸಲವೂ ಲಾಟರಿಯಲ್ಲಿ ಹೆಸರು ಬರಲಿಲ್ಲ, ಇನ್ನೂ ಹಾಕುವುದಾ ಬಿಡುವುದಾ ಅಂತ ಕೇಳಿದ್ದೀರಿ. ಹಾಕಿ. ಆದರೆ ಅದಕ್ಕೂ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಿಮ್ಮ ಚೀಟಿ ನಿಜವಾಗಿಯೂ ಡಬ್ಬಿಯೊಳಗೆ ಬಿದ್ದಿತ್ತಾ? ಮೊದಲ ಸಲ ನನ್ನದು ಬಿದ್ದೇ ಇರಲಿಲ್ಲ. ಅದು ನನಗೆ ಗೊತ್ತಾಗಿದ್ದು ಒಂದು ವರ್ಷ ಕಳೆದ ಮೇಲೆ.

ನಾನು ಹುಟ್ಟಿ ಬೆಳೆದದ್ದು ಸುಂಟಿಕೊಪ್ಪದ ಹತ್ತಿರ, ಕಾಫಿ ತೋಟದ ಲೈನ್ ಮನೆಯಲ್ಲಿ. ಲೈನ್ ಮನೆ ಅಂದರೆ ಕೆಲಸ ಇರುವ ತನಕ ಮನೆ. ಮೈಯಲ್ಲಿ ಶಕ್ತಿ ಮುಗಿದ ಮೇಲೆ ಎಲ್ಲಿ ಅನ್ನುವ ಚಿಂತೆ ಅಮ್ಮನಿಗೆ ಯಾವಾಗಲೂ ಇತ್ತು. ಮದುವೆಯಾಗಿ ನಾನು ಮಡಿಕೇರಿಯಲ್ಲಿ ಬಾಡಿಗೆ ಮನೆಗೆ ಬಂದೆ. ನಾಲ್ಕು ವರ್ಷ ಆದ ಮೇಲೆ ಓನರ್, ಹೋಂಸ್ಟೇ ಮಾಡ್ತೀವಿ, ಖಾಲಿ ಮಾಡಿಕೊಡಿ ಅಂದರು. ಅವರ ಲೆಕ್ಕ ಅವರಿಗೆ. ಶನಿವಾರ, ಭಾನುವಾರದ ಎರಡು ರಾತ್ರಿಗೆ ನಮ್ಮ ಒಂದು ತಿಂಗಳ ಬಾಡಿಗೆ ಬಂದುಬಿಡುತ್ತದೆ. ಆದರೆ ಇದೇ ಊರಲ್ಲಿ ದುಡಿಯುವ ನಾವು ಎಲ್ಲಿಗೆ ಹೋಗಬೇಕು?

ಹಾಗಾಗಿ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಫ್ಲಾಟಿಗೆ ಅರ್ಜಿ ಹಾಕಿದೆ. ವರ್ಷದ ಆದಾಯ 3 ಲಕ್ಷದ ಒಳಗಿರಬೇಕು, ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇರಬಾರದು. ಎರಡೂ ನಮಗೆ ಸರಿಯಾಗಿತ್ತು. ಅದು ಜುಲೈ. ನಮ್ಮ ಕಡೆ ಮಳೆ ಗೊತ್ತಲ್ವಾ. ಎರಡು ಪ್ಲಾಸ್ಟಿಕ್ ಕವರ್ ಒಳಗೆ ಫೈಲ್ ಇಟ್ಟುಕೊಂಡು ಹೋಗಿದ್ದೆ. ಆದರೂ ಬಾಡಿಗೆ ಕರಾರಿನ ಮೂಲೆ ನೆನೆದು ನೋಟರಿ ಸೀಲಿನ ನೇರಳೆ ಬಣ್ಣ ಹರಡಿತ್ತು. ಇದು ನಡೆಯಲ್ಲ, ಬೇರೆ ಮಾಡಿಸಿ ಅಂದರು. ಆದಾಯ ಪ್ರಮಾಣ ಪತ್ರ 5 ವರ್ಷ ನಡೆಯುತ್ತದೆ, ನನ್ನದಕ್ಕೆ ಎರಡೇ ವರ್ಷ ಆಗಿತ್ತು. ಅದನ್ನೂ ಹೊಸದು ತನ್ನಿ ಅಂದರು. ಮತ್ತೆ ನಾಡಕಚೇರಿ, ಮತ್ತೆ ಜೆರಾಕ್ಸ್, ಮತ್ತೆ ಒಂದು ದಿನದ ಸಂಬಳ ಕಟ್.

ಚೀಟಿ ಎತ್ತಿದ್ದು ಜನವರಿಯಲ್ಲಿ. ಕಾಫಿ ಕೊಯ್ಲಿನ ಸಮಯ, ರಜೆ ಹಾಕಿದರೆ ಜಾಸ್ತಿ ನಷ್ಟ. ಆದರೂ ಅಮ್ಮ ಬೆಳಗಿನ ಬಸ್ಸಿಗೇ ಬಂದರು. ಯೂನಿಫಾರ್ಮ್ ಹಾಕಿದ ಪುಟ್ಟ ಹುಡುಗಿಯೊಬ್ಬಳು ಡಬ್ಬಿಗೆ ಕೈ ಹಾಕಿ ಒಂದೊಂದೇ ಚೀಟಿ ತೆಗೆಯುತ್ತಿದ್ದಳು. ಅಮ್ಮ ನನ್ನ ಅರ್ಜಿಯ ರಸೀದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಕೊನೆಯ ಚೀಟಿ ಓದಿ ಮೈಕ್ ಆಫ್ ಮಾಡಿದ ಮೇಲೂ, "ನಮ್ಮದು ಇನ್ನೂ ಒಳಗೇ ಇದೆ ಕಣೇ" ಅಂದರು. ರಸೀದಿ ಬೆವರಿಗೆ ಮೆತ್ತಗಾಗಿತ್ತು.

ಒಳಗೆ ಇರಲಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಕೊಡಲು ಹೋದಾಗ ಹಳೆಯ ಪುಸ್ತಕ ತೆರೆದು ನೋಡಿದರು. ನನ್ನ ಹೆಸರಿನ ಮುಂದೆ 'ತಿರಸ್ಕೃತ' ಅಂತ ಬರೆದಿತ್ತು. ಕಾರಣ ಏನು ಅಂದರೆ ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ ಇದೆ, ರೇಷನ್ ಕಾರ್ಡ್‌ನಲ್ಲಿ ಹಿಂದೆ ಇದೆ. ಒಂದು ಮೆಸೇಜ್ ಇಲ್ಲ, ಒಂದು ಕಾಗದ ಇಲ್ಲ. ಲಾಟರಿಯಲ್ಲಿ ಸೋತರೆ ನನಗೆ ಬೇಜಾರಿಲ್ಲ, ಯಾರಿಗೋ ಒಬ್ಬರಿಗೆ ಸಿಕ್ಕಿತಲ್ಲ ಅಂದುಕೊಳ್ಳಬಹುದು. ಆದರೆ ಇಲ್ಲದ ಚೀಟಿಗಾಗಿ ಅಮ್ಮನನ್ನು ದಿನವಿಡೀ ಅಲ್ಲಿ ಕೂರಿಸಿದ್ದು ಇವತ್ತಿಗೂ ನೋವು.

ನೀವು ಮಾಡಬೇಕಾದ್ದು ಇಷ್ಟು. ಸುಮ್ನೆ ಬಾಯಲ್ಲಿ ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಆದ್ದರಿಂದ ನಿಮ್ಮ ಕಷ್ಟವನ್ನೆಲ್ಲ ಅಲ್ಲಿ ಬರೆಯಬೇಡಿ. ಲಾಟರಿಗೆ ಸೇರಿಸಿದ ಅರ್ಜಿಗಳ ಪಟ್ಟಿ, ತಿರಸ್ಕರಿಸಿದ ಅರ್ಜಿಗಳ ಪಟ್ಟಿ ಕಾರಣದ ಸಮೇತ, ಇವೆರಡನ್ನೇ ಕೇಳಿ. ಜೊತೆಗೆ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ನೋಡಿ.

ಇನ್ನೊಂದು ಮಾತು. ಹೆಸರು ಬಂದರೆ ನಮ್ಮ ಪಾಲಿನ ಹಣ ಕಟ್ಟಬೇಕು, ಅದಕ್ಕೆ ಈಗಲೇ ಬ್ಯಾಂಕಿನಲ್ಲಿ ವಿಚಾರಿಸಿಡಿ. ನಮ್ಮ ಪಕ್ಕದ ಮನೆಯ ಅಕ್ಕನಿಗೆ ಫ್ಲಾಟ್ ಬಂತು. ಕೂಲಿ ಕೈಗೆ ಸಿಗುವುದರಿಂದ ಸಂಬಳದ ಚೀಟಿ ಇರಲಿಲ್ಲ, ಸಾಲ ಆಗಲಿಲ್ಲ, ಮನೆ ಬಿಟ್ಟುಕೊಟ್ಟರು.

ಎರಡನೇ ಸಲವೂ ನನಗೆ ಸಿಗಲಿಲ್ಲ. ಆದರೆ ಆ ಸಲ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅಮ್ಮ ಅದರ ಮೇಲೆ ಬೆರಳಿಟ್ಟು ಎರಡು ಸಲ ಓದಿಸಿಕೊಂಡರು. ಮೂರನೇ ಅರ್ಜಿ ಹೋದ ತಿಂಗಳು ಕೊಟ್ಟು ಬಂದಿದ್ದೇನೆ. ನೀವು ಮೊದಲು ಆ ಎರಡು ಪಟ್ಟಿ ತರಿಸಿಕೊಳ್ಳಿ.