ಪುಕ್ಕಟೆ ಕೊಟ್ಟವರ ಹೊಟ್ಟೆಪಾಡು

ಪ್ರಶ್ನೆ: ಅಂಗಡಿಯ ಕಂಪ್ಯೂಟರಿಗೆ ಅದನ್ನು ನಡೆಸುವ ಲಿನಕ್ಸ್, ಪತ್ರ-ಲೆಕ್ಕ ಬರೆಯುವ ಲಿಬ್ರೆ ಆಫೀಸ್ ಎಂಬ ಸಾಫ್ಟ್‌ವೇರ್ ಹಾಕಿಸಿದೆ. ಒಂದು ಪೈಸೆಯೂ ಕೇಳಲಿಲ್ಲ. ಇದನ್ನು ಮಾಡಿದವರಿಗೆ ಸಂಬಳ ಎಲ್ಲಿಂದ ಬರುತ್ತದೆ ಸರ್?
– ಓದುಗರೊಬ್ಬರು, ಹಾಸನ

ಉತ್ತರ: ನಾನು ಹದಿನೈದು ವರ್ಷ ಒಂದು ಸಹಕಾರಿ ಬ್ಯಾಂಕಿನ ಸರ್ವರ್ ಕೋಣೆ ನೋಡಿಕೊಂಡವನು. ಅಲ್ಲೂ ಲಿನಕ್ಸೇ. ಆದರೂ ಬ್ಯಾಂಕು ವರ್ಷ ವರ್ಷ ಚೆಕ್ ಬರೆಯುತ್ತಿತ್ತು. ಅದು ಸಾಫ್ಟ್‌ವೇರಿಗಲ್ಲ, ನಡುರಾತ್ರಿ ಸರ್ವರ್ ಕೈಕೊಟ್ಟರೆ ಫೋನೆತ್ತಿ ಸರಿಮಾಡಿಸುವವರಿಗೆ. ಲಿನಕ್ಸಿಗೆ ಇಂಥ ನೆರವು ಕೊಡುವ ರೆಡ್ ಹ್ಯಾಟ್ ಕಂಪನಿ ಬೆಳೆದದ್ದು ಈ ದಾರಿಯಲ್ಲೇ. 2019ರಲ್ಲಿ ಐಬಿಎಂ ಅದನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು. ಲಿನಕ್ಸ್ ಬರೆಯುವವರಲ್ಲಿ ಬಹುಪಾಲು ಇಂಟೆಲ್, ಗೂಗಲ್‌ನಂಥ ಕಂಪನಿಗಳ ಸಂಬಳದವರೇ. ಒಬ್ಬೊಬ್ಬರೂ ಬೇರೆ ಬೇರೆ ಬರೆಸುವುದಕ್ಕಿಂತ ಕೂಡಿ ಬರೆಸಿದರೆ ಅವರಿಗೂ ಅಗ್ಗ.

ಆದರೆ ಎಲ್ಲರ ಕಥೆಯೂ ಹೀಗಲ್ಲ, ನನ್ನ ಸಂಕಟ ಅಲ್ಲೇ ಇರುವುದು. ಬ್ಯಾಂಕು, ಅಂಗಡಿಗಳ ಜಾಲತಾಣಕ್ಕೆ ಹೋಗಿಬರುವ ಮಾಹಿತಿ ಕಳ್ಳರ ಕೈಗೆ ಸಿಗದಂತೆ ಬೀಗ ಹಾಕುವ ಪುಕ್ಕಟೆ ಸಾಫ್ಟ್‌ವೇರ್ ಓಪನ್ ಎಸ್‌ಎಸ್‌ಎಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೊಡ್ಡ ದೋಷ ಬಯಲಾಯಿತು. ಆ ರಾತ್ರಿ ನಾನು ಮನೆಗೆ ಹೋಗಲಿಲ್ಲ. ಒಂದೊಂದೇ ಸರ್ವರಿಗೆ ತೇಪೆ ಹಾಕಿ, ಕೀಲಿಗಳನ್ನೆಲ್ಲ ಹೊಸದು ಮಾಡಿದೆ. ಆಮೇಲೆ ತಿಳಿಯಿತು: ಲೋಕವೆಲ್ಲ ನೆಚ್ಚಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್! ಪೂರ್ಣಾವಧಿ ಕೆಲಸಕ್ಕಿದ್ದವರು ಒಬ್ಬರೇ. ದೊಡ್ಡ ಕಂಪನಿಗಳು ಕೈಚೀಲ ಬಿಚ್ಚಿದ್ದು ಇದಾದ ಮೇಲೆ.

ಲಿಬ್ರೆ ಆಫೀಸಿನ ಹಿಂದಿರುವ ಪ್ರತಿಷ್ಠಾನ ದೇಣಿಗೆ ತೆಗೆದುಕೊಳ್ಳುತ್ತದೆ. ದೀಪಾವಳಿ ಲೆಕ್ಕಪೂಜೆಯ ಹೊತ್ತಿಗೆ ನಿಮ್ಮ ಅಂಗಡಿಯಿಂದಲೂ ಒಂದಿಷ್ಟು ಕಳಿಸಿ.