ಸೀನಿಯರ್ ಮುಗಿಸಿದ್ದೀರಿ ಸರಿ, ಆಲ್ಟೋ ಸಾಲಿನಲ್ಲಿ ನಿಲ್ಲುತ್ತೀರಾ?

ಮೇಡಂ ಬೇಡ, ಅಕ್ಕ ಅನ್ನಿ ಸಾಕು. ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ನಾಲ್ಕು ತಿಂಗಳಾಯಿತು, ಎಚ್-4 ವೀಸಾ (ಕೆಲಸದ ವೀಸಾದಲ್ಲಿ ಬಂದವರ ಸಂಗಾತಿ, ಮಕ್ಕಳಿಗೆ ಕೊಡುವುದು), ಊರಿನಲ್ಲಿ ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಆಗಿದೆ ಅಂದಿದ್ದೀರಿ. ಇಲ್ಲಿನ ಕಮ್ಯೂನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸರಕಾರಿ ಕಾಲೇಜಿನಲ್ಲಿ, ಸಂಗೀತ ಓದಬಹುದಾ, ಊರಲ್ಲಿ ಕಲಿತದ್ದು ಉಪಯೋಗಕ್ಕೆ ಬರುತ್ತದಾ ಅಂತ ಕೇಳಿದ್ದೀರಿ. ಓದಬಹುದು. ಕಲಿತದ್ದು ಉಪಯೋಗಕ್ಕೂ ಬರುತ್ತದೆ, ಕಾಲಿಗೂ ತೊಡರುತ್ತದೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಎಚ್-4ನಲ್ಲಿ ಇರುವವರಿಗೆ ಓದಲು ಬೇರೆ ವೀಸಾ ಬೇಡ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯೂನಿಟಿ ಕಾಲೇಜಿನ ಶುಲ್ಕ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್ (ಯೂನಿಟ್ ಅಂದರೆ ಕ್ಲಾಸಿನ ಗಾತ್ರದ ಅಳತೆ). ನಿಮಗೆ ಹತ್ತಿರದ ಡಿ ಆನ್ಜಾ, ಫುಟ್‌ಹಿಲ್ ಎರಡರಲ್ಲೂ ಸೆಮಿಸ್ಟರಿಗಿಂತ ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿ, ಹಾಗಾಗಿ ಯೂನಿಟ್‌ಗೆ 31. ನಾಲ್ಕು ಯೂನಿಟ್‌ನ ಕ್ಲಾಸಿಗೆ 124 ಡಾಲರ್, ಮೇಲೆ ಸಣ್ಣಪುಟ್ಟ ಫೀಸು. ಆದರೆ ನಿವಾಸಿ ಅನ್ನಿಸಿಕೊಳ್ಳಲು ಇಲ್ಲಿ ಒಂದು ವರ್ಷ, ಮೇಲೆ ಒಂದು ದಿನ ಇದ್ದಿರಬೇಕು. ಇಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆಯೂ ಬೇಕು. ಅದಿಲ್ಲದಿದ್ದರೆ ಇದರ ಎಷ್ಟೋ ಪಟ್ಟು ಕಟ್ಟಬೇಕು. ಡ್ರೈವಿಂಗ್ ಲೈಸೆನ್ಸ್, ನಿಮ್ಮ ಹೆಸರೂ ಇರುವ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ರಾಜ್ಯದ ಟ್ಯಾಕ್ಸ್ ರಿಟರ್ನ್ ಎಲ್ಲ ಈಗಿನಿಂದಲೇ ಜೋಡಿಸಿಕೊಳ್ಳಿ. ನಾನು ಬಾಡಿಗೆ ಕರಾರಿನಲ್ಲಿ ಬರೀ ಯಜಮಾನರ ಹೆಸರು ಹಾಕಿಸಿ ಒಂದು ಕ್ವಾರ್ಟರ್ ದುಬಾರಿ ಫೀಸು ಕಟ್ಟಿದವಳು. ತಪ್ಪು ನನ್ನದೇ.

ಇನ್ನು ಸಂಗೀತ. ನಾನು ಥಿಯರಿ ಕ್ಲಾಸಿಗೆ ಸ್ವಲ್ಪ ಜಂಬದಿಂದಲೇ ಹೋಗಿದ್ದೆ. ಮೇಜರ್ ಸ್ಕೇಲ್ ಅಂದರೆ ನಮ್ಮ ಶಂಕರಾಭರಣ, ಹಾರ್ಮೋನಿಕ್ ಮೈನರ್ ಅಂದರೆ ಕೀರವಾಣಿ, ಲಿಡಿಯನ್ ಅಂದರೆ ಕಲ್ಯಾಣಿ. ಇನ್ನೇನಿದೆ ಕಲಿಯೋಕೆ? ಮೊದಲ ವಾರದಲ್ಲೇ ಗೊತ್ತಾಯಿತು. ಅವರ ಡೋ ರೆ ಮಿಯಲ್ಲಿ ಸ್ವರ ಇಳಿದರೆ ಹೆಸರೂ ಬದಲಾಗುತ್ತದೆ. ನಮಗೆ ಅಂತರ ಗಾಂಧಾರವೂ ಗ, ಅದಕ್ಕಿಂತ ಇಳಿದ ಸಾಧಾರಣ ಗಾಂಧಾರವೂ ಗ. ಅಲ್ಲಿ ಒಂದು ಮಿ, ಇನ್ನೊಂದು ಮೆ. ಸ್ವರ ಸರಿಯಾಗಿ ಹಾಡಿ, ಹೆಸರು ತಪ್ಪು ಹೇಳಿ ಅಂಕ ಕಳೆದುಕೊಂಡೆ.

ಕಿವಿಯ ಪರೀಕ್ಷೆಯೂ ಹಾಗೆಯೇ. ಪಿಯಾನೋದಲ್ಲಿ ಒಂದೇ ಸಾಲು ನುಡಿಸಿದರೆ ಸಲೀಸಾಗಿ ಬರೆಯುತ್ತಿದ್ದೆ. ಲಯವಂತೂ ನಮಗೆ ಸುಲಭ. ಒಂದು ಬೀಟ್‌ನಲ್ಲಿ ಐದು ಬಂದು ಉಳಿದವರು ಕಂಗಾಲಾದಾಗ ನಾನು ತಕತಕಿಟ ಅಂದುಕೊಂಡು ಮುಗಿಸಿದೆ. ಆದರೆ ನಾಲ್ಕು ಸ್ವರ ಒಟ್ಟಿಗೆ ನುಡಿಸಿ, ನಡುವಿನ ಎರಡು ಯಾವುವು ಅಂತ ಕೇಳಿದರೆ ಕಿವಿ ಕಿವುಡು! ಹಾರ್ಮನಿ, ಅಂದರೆ ಒಟ್ಟಿಗೆ ಹಾಡುವ ಬೇರೆ ಬೇರೆ ಸಾಲು, ಬರೆಯುವಾಗ ಇನ್ನೊಂದು ತಮಾಷೆ. ಎರಡು ಸಾಲುಗಳು ಸ-ಪ ಅಂತರದಲ್ಲಿ ಒಟ್ಟಿಗೆ ಚಲಿಸಿದರೆ ಕೆಂಪು ಗುರುತು. ಹಾಗೆ ಮಾಡಿದರೆ ಎರಡು ಧ್ವನಿ ಬೇರೆ ಬೇರೆ ಕೇಳಿಸುವುದಿಲ್ಲ, ಒಂದರ ನೆರಳಾಗಿ ಇನ್ನೊಂದು ಹೋಗುತ್ತದೆ, ಅದು ಕಾರಣ. ತಂಬೂರಿಯ ಸ-ಪ ಕೇಳಿಕೊಂಡೇ ಬೆಳೆದವಳಿಗೆ ಅದೇ ಎಲ್ಲಕ್ಕಿಂತ ಇಂಪು, ಕೈ ಅಲ್ಲಿಗೇ ಹೋಗುತ್ತಿತ್ತು.

ನಿಜವಾದ ಪಾಠ ಆಗಿದ್ದು ಕ್ವಾಯರ್‌ನಲ್ಲಿ, ಅಂದರೆ ನಾಲ್ಕು ಸಾಲಿನವರು ಬೇರೆ ಬೇರೆ ಸ್ವರ ಒಟ್ಟಿಗೆ ಹಾಡುವ ಮೇಳದಲ್ಲಿ. ನನ್ನನ್ನು ಹೆಂಗಸರ ತಗ್ಗು ದನಿಯ ಆಲ್ಟೋ ಸಾಲಿನಲ್ಲಿ ನಿಲ್ಲಿಸಿದರು. ಪಕ್ಕದಲ್ಲೇ ಏರು ದನಿಯ ಸೊಪ್ರಾನೋದವರು ಬೇರೆ ಸ್ವರ ಹಾಡುತ್ತಾರೆ. ಎರಡನೇ ಸಾಲಿನ ಹೊತ್ತಿಗೆ ನಾನೂ ಅವರ ಸ್ವರದಲ್ಲೇ ಇರುತ್ತಿದ್ದೆ! ಹದಿನಾಲ್ಕು ವರ್ಷ ಹಾಡಿದವಳು ನಾನು. ಗುರುಗಳ ಜೊತೆ ಹಾಡುವಾಗಲೂ ಅದೇ ಸ್ವರ. ಇನ್ನೊಬ್ಬರು ಬೇರೆ ಹಾಡುತ್ತಿರುವಾಗ ನನ್ನದನ್ನು ಹಿಡಿದು ನಿಲ್ಲುವುದನ್ನು ಯಾವತ್ತೂ ಮಾಡಿರಲಿಲ್ಲ. ಜೊತೆಗೆ ಗಮಕ. ಸ್ವರದಿಂದ ಸ್ವರಕ್ಕೆ ಜಾರಬೇಡ, ನೇರವಾಗಿ ಸ್ವರ ಹಿಡಿ ಅಂತ ಮೇಷ್ಟರು ಹೇಳಿ ಹೇಳಿ ಸೋತರು. ಆರು ವಾರ ಸುಮ್ನೆ ಅಳು ಬರುತ್ತಿತ್ತು. ಏಳನೇ ವಾರ ಒಂದು ದಿನ ನನ್ನ ಸಾಲು ಬಿಡದೆ ನಿಂತೆ. ಸುತ್ತಲಿನ ಮೂರು ಸಾಲುಗಳೂ ಬೇರೆ ಬೇರೆಯಾಗಿ ಕೇಳಿಸಿದವು. ಮೈ ಜುಮ್ಮೆಂದಿತು.

ಅದಕ್ಕೇ ಹೇಳುವುದು, ಥಿಯರಿ ಒಂದನ್ನೇ ತೆಗೆದುಕೊಳ್ಳಬೇಡಿ. ಅದರ ಜೊತೆ ಕ್ಲಾಸ್ ಪಿಯಾನೋ ಇರಲಿ, ಕ್ವಾಯರ್ ಇರಲೇಬೇಕು. ಇಲ್ಲಿ ನಿಮಗೆ ವರ್ಷ ತುಂಬುವವರೆಗೆ 61 ಕೀಗಳ ಒಂದು ಸಾದಾ ಕೀಬೋರ್ಡ್ ಕೊಂಡು, ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಓದಲು ಕಲಿಯಿರಿ. ಮಧ್ಯಾಹ್ನ ಬೇಜಾರು ಕಳೆಯಲೂ ಆಯಿತು, ಅಲ್ವಾ?

ಕೆಲಸದ ಬಗ್ಗೆಯೂ ಕೇಳಿದ್ದೀರಿ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯಿಂದ ನೇರ ಕೆಲಸ ಸಿಗುತ್ತದೆ ಅಂತ ನಾನು ಹೇಳಲಾರೆ. ಮುಂದೆ ಸ್ಯಾನ್ ಹೋಸೆ ಸ್ಟೇಟ್‌ನಂಥ ವಿಶ್ವವಿದ್ಯಾಲಯಕ್ಕೆ ಸೇರಲು ಅದು ಮೆಟ್ಟಿಲು. ಅಲ್ಲಿ ಸಂಗೀತಕ್ಕೆ ಆಡಿಷನ್ ಕೊಡಬೇಕು. ಇನ್ನೊಂದು ಮಾತು, ಎಚ್-4 ಇಎಡಿ, ಅಂದರೆ ಕೆಲಸದ ಪರವಾನಗಿ, ಇಲ್ಲದೆ ಮನೆಯಲ್ಲಿ ಮಕ್ಕಳಿಗೆ ಸರಳೆ ಹೇಳಿಕೊಟ್ಟು ಫೀಸು ತೆಗೆದುಕೊಳ್ಳಬೇಡಿ. "ಎಲ್ಲರೂ ಮಾಡ್ತಾರೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾನೂನಿಗೆ ಅದೂ ಕೆಲಸವೇ.

ಹಾಂ, ಒಂದು ಕಪ್ಪು ಉಡುಪು ಕೊಂಡಿಡಿ. ಕ್ವಾಯರ್ ಕಾರ್ಯಕ್ರಮಕ್ಕೆ ಮೈತುಂಬ ಕಪ್ಪು ಹಾಕಬೇಕು. ನಾನು ಫೋಟೋ ಕಳಿಸಿದಾಗ ಅಮ್ಮ ಹಾಡು ಹೇಗಾಯಿತು ಅಂತಲೂ ಕೇಳಲಿಲ್ಲ. "ಕಛೇರಿಗೆ ಯಾರಾದ್ರೂ ಕಪ್ಪು ಹಾಕ್ಕೊಂಡು ಹೋಗ್ತಾರೇನೇ?" ಅಂದರು.