ಓಟದ ಶ್ರಮಕ್ಕೆ ಬೆರಳಿನ ಲೆಕ್ಕ

ಮಾಸ್ಟ್ರೇ, ಬದಿಯಡ್ಕ ಕಡೆಯ ಕನ್ನಡ ಶಾಲೆಯಲ್ಲಿ ಎಂಟನೇ ತರಗತಿಯವರಿಗೆ 20 ಸೆಕೆಂಡ್ ಓಟ, 40 ಸೆಕೆಂಡ್ ನಡಿಗೆ ಮಾಡಿಸುತ್ತೀರಿ, ಹೃದಯಬಡಿತದ ವಾಚ್ ಇಲ್ಲದೆ ಶ್ರಮ ಅಳೆಯುವುದು ಹೇಗೆ ಎಂದು ಕೇಳಿದ್ದೀರಿ. ವಾಚ್ ಇದ್ದರೂ ಇಷ್ಟು ಚಿಕ್ಕ ಓಟಕ್ಕೆ ಅದು ಸಾಲದು. ಬಡಿತ ಏರಲು ಹೊತ್ತು ಬೇಕು. ಏರುವಷ್ಟರಲ್ಲಿ ಓಟವೇ ಮುಗಿದಿರುತ್ತದೆ.

ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಅವರ ಹತ್ತರ ಅಳತೆಯನ್ನು, ಅಂದರೆ ಎಷ್ಟು ಶ್ರಮ ಅನ್ನಿಸಿತು ಎಂದು ಓಡಿದವರೇ ಅಂಕೆಯಲ್ಲಿ ಹೇಳುವ ಕ್ರಮವನ್ನು, ನಾನು ಮಕ್ಕಳಿಗೆ ಒಗ್ಗಿಸಿಕೊಂಡಿದ್ದೇನೆ. ಬೋರ್ಡಿನಲ್ಲಿ ಗುಡ್ಡ ಹತ್ತುವ ಹುಡುಗಿಯ ಚಿತ್ರ. ಬುಡದಲ್ಲಿ 0, ತುದಿಯಲ್ಲಿ 10. ಓಡಿ ಬಂದ ಕೂಡಲೇ ಕಣ್ಣು ಮುಚ್ಚಿ ಬೆರಳೆತ್ತಬೇಕು, ಇಲ್ಲದಿದ್ದರೆ ಪಕ್ಕದವನದ್ದನ್ನೇ ನೋಡಿ ಎತ್ತುತ್ತಾರೆ. 7–8 ಬಂದರೆ ಸರಿ. ಮೊದಮೊದಲು ಎಲ್ಲರೂ ಹತ್ತೂ ಬೆರಳು ಎತ್ತುತ್ತಾರೆ, ಬೇಸರಿಸಬೇಡಿ. ನಡಿಗೆ 2, ಜೀವ ಬಿಟ್ಟು ಓಡಿದ್ದು 10 ಎಂಬುದು ಮೈಗೆ ಗೊತ್ತಾಗಬೇಕು.

ನಾಡಿಯೂ ಬೇಕೆಂದರೆ ನಿಂತ ತಕ್ಷಣ 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸಿ. ಮಕ್ಕಳಲ್ಲಿ ಬಡಿತ ಬೇಗ ಇಳಿಯುತ್ತದೆ. ಅತಿ ಹೆಚ್ಚೆಂದರೆ ಬಡಿತ ಎಷ್ಟಕ್ಕೆ ಏರಬಹುದೆಂದು ಅಂದಾಜಿಸಲು 220ರಿಂದ ವಯಸ್ಸು ಕಳೆಯುವ ಲೆಕ್ಕ ದೊಡ್ಡವರದ್ದು, ಇಲ್ಲಿಗೆ ಬೇಡ. ನಮ್ಮ ಮಾರ್ಚಿನ ಸೆಕೆಗೆ ಅದೇ ಓಟಕ್ಕೂ ಬೆರಳು ಹೆಚ್ಚೇ ಏಳುತ್ತದೆ, ಆಗ ಸುತ್ತು ಕಡಿಮೆ ಮಾಡಿ. ನಡಿಗೆ ಮುಗಿದರೂ ಮಾತು ಹೊರಡದ ಮಗುವನ್ನು ನೆರಳಿಗೆ ಕೂರಿಸಿ, ನೀರು ಕೊಡಿ.